ಉಭಯಲೋಕಾಧೀಶ್ವರ ಧೊಂಡಿಯ ವಾಘ

ಚನ್ನಗಿರಿಯಲ್ಲಿ ಹುಟ್ಟಿದ ಒಬ್ಬ ಕುದುರೆಯ ಸವಾರನು, ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ವರ್ಷಗಟ್ಟಲೆ ಸಂಕೋಲೆಯನ್ನು ಹೊತ್ತು, ಹೊರಬಂದ ಸ್ವಲ್ಪ ಕಾಲದಲ್ಲಿಯೇ ತಾನು ಇಹಪರಗಳೆರಡಕ್ಕೂ ಒಡೆಯನೆಂದು ಸಾರಿಕೊಂಡನು. ಆಗ ಆತನಿಗೆ ರಾಜಧಾನಿಯಿರಲಿಲ್ಲ, ಬೊಕ್ಕಸವಿರಲಿಲ್ಲ, ವಂಶಾವಳಿಯನ್ನು ಹೊಗಳುವ ಆಸ್ಥಾನ ಕವಿಗಳಂತೂ ಮೊದಲೇ ಇರಲಿಲ್ಲ. ಇದ್ದುದು ಒಂದು ಕುದುರೆ, ಒಂದು ಕತ್ತಿ ಮತ್ತು ಉಭಯಲೋಕಾಧೀಶ್ವರ ಎಂಬ ಒಂದು ಬಿರುದು. ಇಷ್ಟರಿಂದಲೇ ಆತನು ಹದಿನಾರು ತಿಂಗಳ ಕಾಲ ತುಂಗಭದ್ರೆಯಿಂದ ಕೃಷ್ಣೆಯವರೆಗಿನ ಸೀಮೆಯನ್ನು ನಡುಗಿಸಿದನು. ಮುಂದೆ ನೆಪೋಲಿಯನ್ನನನ್ನು ಸೋಲಿಸಲಿದ್ದ ಸೇನಾನಿಯನ್ನು ಊರಿಂದೂರಿಗೆ ಅಲೆಸಿದನು. ಆತನೇ ಧೊಂಡಿಯ ವಾಘ.

ನಮ್ಮ ಪಠ್ಯಪುಸ್ತಕಗಳಲ್ಲಿ ಟಿಪ್ಪೂ ಸುಲ್ತಾನನ ಪಾಠ ಮುಗಿದಮೇಲೆ ಈತನ ಹೆಸರು ಒಂದೆರಡು ಸಾಲುಗಳಲ್ಲಿ ಬಂದು ಹೋಗುತ್ತದೆ. ಕೆಲವರು ದರೋಡೆಗಾರನೆನ್ನುತ್ತಾರೆ, ಕೆಲವರು ಸ್ವಾತಂತ್ರ್ಯವೀರನೆನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಒಂದನ್ನು ಆರಿಸಿಕೊಂಡು ಸುಮ್ಮನಾಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಹರಿಹರದಿಂದ ದಿನವೂ ದಾವಣಗೆರೆಯ ಕಾಲೇಜಿಗೆ ಬಂದು ಹೋಗುವ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬನು. ಆತನು ಹುಟ್ಟಿದ ಊರು ೧೯೯೭ರಿಂದ ನಮ್ಮ ಜಿಲ್ಲೆಗೇ ಸೇರಿದೆ; ಆತನನ್ನು ಹಿಡಿಯಲು ಹೊರಟ ದಂಡು ನಮ್ಮೂರಿನ ಹೊಳೆಯನ್ನೇ ದಾಟಿತು. ಚನ್ನಗಿರಿ ಸೀಮೆಯ ಸೂಳೆಕೆರೆಯಿಂದ ಹೊರಟ ಹರಿದ್ರೆಯು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಧೊಂಡಿಯನ ಕಥೆಯೂ ಆ ನೀರಿನ ಜಾಡಿನಲ್ಲಿಯೇ ಹರಿಯಿತೆಂದು ನನಗೆ ಎಷ್ಟೋ ಸಾರಿ ಅನ್ನಿಸಿದೆ.

ಧೊಂಡಿಯನು ಪವಾರ ಮನೆತನದ ಮರಾಠನೆಂದು ಹೇಳುತ್ತಾರೆ. ವಾಘ ಎಂದರೆ ಮರಾಠಿಯಲ್ಲಿ ಹುಲಿ; ಅದು ಆತನ ಸಾಹಸಕ್ಕೆ ಬಂದ ಅಡ್ಡಹೆಸರೆಂದು ಪ್ರತೀತಿ. ಮರಾಠ ಮನೆತನದ ಹುಡುಗನೊಬ್ಬನು ಮೈಸೂರಿನ ಸೈನ್ಯವನ್ನು ಸೇರಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಹೈದರಾಲಿಯು ಮರಾಠ ಸರದಾರರನ್ನು ಕರೆದು ನೆಲೆಗೊಳಿಸುತ್ತಿದ್ದ ಕಾಲ ಅದು. ಬೇತೂರಿಗೆ ಹೊಂದಿದ್ದ ಒಂದು ಸಣ್ಣ ಹಳ್ಳಿಯಾಗಿದ್ದ ನಮ್ಮ ದಾವಣಗೆರೆಯನ್ನು ಹೈದರನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅಪ್ಪೋಜಿರಾಮನು ವ್ಯಾಪಾರಿಗಳನ್ನು ಕರೆತಂದು ಇಲ್ಲಿ ಪೇಟೆಯನ್ನು ಬೆಳೆಸಿದನು. ಒಬ್ಬ ಮರಾಠನಿಗೆ ಜಹಗೀರು ದೊರೆಯಿತು, ಅವನ ಹೆಸರು ಊರಿನ ಚರಿತ್ರೆಯಲ್ಲಿ ನೆಮ್ಮದಿಯಾಗಿ ಕುಳಿತಿತು. ಇನ್ನೊಬ್ಬನಿಗೆ ಕುದುರೆಯ ಲಾಯ ಮಾತ್ರ ದೊರೆಯಿತು.

೧೭೯೦ರಲ್ಲಿ ಆರಂಭವಾದ ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಪಕ್ಷಕ್ಕೆ ಕಷ್ಟಕಾಲ ಬರಲು, ಧೊಂಡಿಯನು ಸೈನ್ಯವನ್ನು ಬಿಟ್ಟು ಲಕ್ಷ್ಮೇಶ್ವರದ ದೇಸಾಯಿಯ ಆಶ್ರಯಕ್ಕೆ ಹೋದನು. ಯುದ್ಧ ಮುಗಿದೊಡನೆ ಸ್ವಂತವಾಗಿ ಒಂದು ಪಡೆಯನ್ನು ಕೂಡಿಸಿ ೧೭೯೩ರಲ್ಲಿ ಹಾವೇರಿ ಸವಣೂರುಗಳ ಮೇಲೆ ಬಿದ್ದನು. ಆ ಪ್ರಾಂತವು ಮರಾಠರದು. ಅವರ ಸರದಾರನಾದ ಧೊಂಡೋಪಂತ ಗೋಖಲೆಯು ಈತನನ್ನು ಅಟ್ಟಿ ಹಣ್ಣು ಮಾಡಿದನು. ದಾರಿಗಾಣದೆ ೧೭೯೪ರಲ್ಲಿ ಧೊಂಡಿಯನು ಸುಮಾರು ಇನ್ನೂರು ಸವಾರರೊಡನೆ ತಾನು ಬಿಟ್ಟು ಹೋಗಿದ್ದ ಟಿಪ್ಪುವಿನ ಬಳಿಗೇ ಮರಳಿದನು. ಸುಲ್ತಾನನಿಗೆ ಇಂಥವನನ್ನು ಹೊರಗೆ ಬಿಡುವುದೂ ಅಪಾಯ, ಒಳಗೆ ಸೇರಿಸಿಕೊಳ್ಳುವುದೂ ಅಪಾಯ. ಕೊನೆಗೆ ಧೊಂಡಿಯನು ಶ್ರೀರಂಗಪಟ್ಟಣದಲ್ಲಿ ಸೆರೆಯಾದನು. ಅಲ್ಲಿ ಆತನನ್ನು ಇಸ್ಲಾಂ ಮತಕ್ಕೆ ಸೇರಿಸಿ ಶೇಖ್ ಅಹಮದ್ ಎಂದು ಹೆಸರಿಟ್ಟರೆಂದು ಇತಿಹಾಸಕಾರರು ಬರೆದಿದ್ದಾರೆ. ಮಲಿಕ್ ಜಹಾನ್ ಖಾನ್ ಎಂಬ ಹೆಸರೂ ಆತನಿಗಿತ್ತು. ಜಹಾನ್ ಎಂದರೆ ಜಗತ್ತು, ಮಲಿಕ್ ಎಂದರೆ ಒಡೆಯ. ಮುಂದೆ ಬಂದ ದೊಡ್ಡ ಬಿರುದಿನ ಬೀಜವು ಈ ಹೆಸರಿನಲ್ಲಿಯೇ ಇದ್ದಂತೆ ಕಾಣುತ್ತದೆ.

೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪೂ ಮಡಿದನು. ಸೆರೆಮನೆಯ ಬಾಗಿಲು ತೆರೆದೊಡನೆ ಧೊಂಡಿಯನು ಹೊರಬಿದ್ದು ವಾಯವ್ಯದ ಕಡೆಗೆ, ತನಗೆ ಪರಿಚಿತವಾದ ಬಿದನೂರಿನ ಸೀಮೆಗೆ ನಡೆದನು. ಆಗಿನ ನಾಡಿನ ಸ್ಥಿತಿಯನ್ನು ವಾಚಕರು ಸ್ವಲ್ಪ ಊಹಿಸಿಕೊಳ್ಳಬೇಕು. ಟಿಪ್ಪುವಿನ ಸೈನ್ಯ ಚದುರಿಹೋಗಿದೆ. ಸಾವಿರಾರು ಸವಾರರು, ಕಾಲಾಳುಗಳು, ಕೋಟೆಯ ಕಾವಲಿನವರು ಸಂಬಳವಿಲ್ಲದೆ ಕುಳಿತಿದ್ದಾರೆ. ಕತ್ತಿಯ ಹೊರತು ಬೇರೆ ಕಸುಬನ್ನು ಅವರಲ್ಲಿ ಬಹುಮಂದಿ ಅರಿಯರು. ಐದು ವರ್ಷದ ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿ, ಪೂರ್ಣಯ್ಯನವರು ದಿವಾನರಾಗಿ ಹೊಸ ಆಡಳಿತವನ್ನು ಕಟ್ಟುತ್ತಿದ್ದಾರೆ. ಆ ಸಣ್ಣ ರಾಜ್ಯದಲ್ಲಿ ಇಷ್ಟು ಜನ ಸಿಪಾಯಿಗಳಿಗೆ ಅನ್ನವೆಲ್ಲಿ?

ಧೊಂಡಿಯನ ಬಿರುದಿನ ಅರ್ಥ ತಿಳಿಯಬೇಕಾದರೆ ಈ ನಿರುದ್ಯೋಗಿ ಸಿಪಾಯಿಗಳ ಕಡೆಯಿಂದ ನೋಡಬೇಕು. ರಾಜನು ತನ್ನ ಸೈನಿಕನಿಗೆ ಸಂಬಳವನ್ನು ಕೊಡುತ್ತಾನೆ. ಪಾಳೆಯಗಾರನು ಉಂಬಳಿಯನ್ನು ಕೊಡುತ್ತಾನೆ. ಧೊಂಡಿಯನ ಕೈಯಲ್ಲಿ ಎರಡೂ ಇರಲಿಲ್ಲ. ನಾಳೆ ಕೊಡುವೆನೆಂಬ ಭರವಸೆಯೊಂದೇ ಆತನ ಬಂಡವಾಳ. ಆ ಭರವಸೆಯನ್ನು ಜನ ನಂಬಬೇಕಾದರೆ ಕೊಡುವವನು ಸಾಮಾನ್ಯನಾಗಿರಕೂಡದು. ಒಂದು ಪರಗಣೆಗೆ ಒಡೆಯನೆಂದು ಹೇಳಿಕೊಂಡಿದ್ದರೆ ಆ ಪರಗಣೆಯ ಲೆಕ್ಕಪತ್ರವನ್ನು ತೋರಿಸೆಂದು ಯಾರಾದರೂ ಕೇಳಿಯಾರು. ಎರಡು ಲೋಕಗಳಿಗೂ ಒಡೆಯನೆಂದವನನ್ನು ಲೆಕ್ಕ ಕೇಳುವವರು ಯಾರು? ಅಲ್ಲದೆ ಸತ್ತ ಸುಲ್ತಾನನ ಸವಾರರಿಗೆ ಹುಲಿಯ ಹೆಸರು ಹೊಸದಲ್ಲ. ಟಿಪ್ಪುವು ಸಿಂಹಾಸನದಿಂದ ಸಿಪಾಯಿಯ ಅಂಗಿಯವರೆಗೆ ಹುಲಿಯ ಗುರುತನ್ನು ಹಾಕಿಸಿದ್ದನು. ಒಂದು ಹುಲಿ ಸತ್ತಿತು, ಇನ್ನೊಂದು ಬೋನಿನಿಂದ ಹೊರಬಂದಿತು ಎಂಬ ಸುದ್ದಿ ಊರಿಂದೂರಿಗೆ ಹರಡಲು ಡಂಗುರ ಬೇಕಾಗಲಿಲ್ಲ. ಸಂಕೋಲೆಯಲ್ಲಿದ್ದುದು ಬೇರೊಬ್ಬನಿಗೆ ಅವಮಾನ. ಈತನಿಗೆ ಅದೇ ಪ್ರತಿಷ್ಠೆಯಾಯಿತು.

ಕೆಲವೇ ವಾರಗಳಲ್ಲಿ ಶಿಕಾರಿಪುರ, ಶಿವಮೊಗ್ಗ, ಹೊನ್ನಾಳಿಗಳ ಕೋಟೆಗಳು ಆತನ ವಶವಾದುವು. ಇಂಗ್ಲಿಷರ ಎರಡು ದಂಡುಗಳು, ಒಂದು ಸ್ಟೀವನ್ಸನ್ನನದು, ಮತ್ತೊಂದು ಡಾಲ್ರಿಂಪಲನದು, ಆತನನ್ನು ಅಟ್ಟಿದುವು. ೧೭೯೯ರ ಆಗಸ್ಟಿನಲ್ಲಿ ಶಿಕಾರಿಪುರ ಕೈಬಿಟ್ಟಿತು. ಧೊಂಡಿಯನು ಗಡಿ ದಾಟಿ ಮರಾಠರ ಸೀಮೆಯನ್ನು ಹೊಕ್ಕಾಗ, ಹಳೆಯ ವೈರಿ ಗೋಖಲೆಯು ಆತನ ಪಾಳೆಯದ ಮೇಲೆ ಬಿದ್ದು ಇದ್ದಬದ್ದುದನ್ನೆಲ್ಲ ಸೂರೆ ಮಾಡಿದನು. ಬೇರೊಬ್ಬನಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಧೊಂಡಿಯನಾದರೋ ಗೋಖಲೆಯ ಎದೆಯ ರಕ್ತದಿಂದ ತನ್ನ ಮೀಸೆಗೆ ಬಣ್ಣ ಹಚ್ಚುವೆನೆಂದು ಪ್ರತಿಜ್ಞೆ ಮಾಡಿದನಂತೆ. ಕೊಲ್ಹಾಪುರದವರ ಊಳಿಗದಲ್ಲಿ ಕೆಲಕಾಲ ಕಳೆದು, ೧೮೦೦ರ ಆರಂಭದಲ್ಲಿ ಮೊದಲಿಗಿಂತ ದೊಡ್ಡ ಪಡೆಯೊಡನೆ ಧಾರವಾಡದ ಸೀಮೆಯಲ್ಲಿ ಕಾಣಿಸಿಕೊಂಡನು. ಸೋತು ಬರಿಗೈಯಲ್ಲಿ ಹೋದವನ ಹಿಂದೆ ಮರುವರ್ಷ ಅಷ್ಟು ಜನ ಸೇರಿದುದು ಹೇಗೆ? ಹಣದಿಂದಲ್ಲವೆಂಬುದು ಸ್ಪಷ್ಟ.

ಇಲ್ಲಿ ಹರಿಹರದ ಮತ್ತೊಬ್ಬ ದಂಡನಾಯಕನ ಮಾತನ್ನು ಹೇಳದೆ ಮುಂದುವರಿಯಲಾರೆ. ನಮ್ಮೂರಿನ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೊಲಾಳ್ವನು. ೧೨೨೪ರ ಆತನ ಶಾಸನವು ಅಲ್ಲಿಯೇ ಇದೆ; ದೇವರ ಸ್ತುತಿಯೊಡನೆ ದಂಡನಾಥನ ಸ್ತುತಿಯೂ ಅದರಲ್ಲಿ ಧಾರಾಳವಾಗಿ ಸೇರಿದೆ. ಪೊಲಾಳ್ವನಿಗೆ ಕಲ್ಲು ದೊರೆಯಿತು, ಕಲ್ಲುಕುಟಿಗನು ದೊರೆತನು, ಪದ್ಯ ಕಟ್ಟುವವನು ದೊರೆತನು. ಆದಕಾರಣ ಆತನ ಕೀರ್ತಿಯು ಆತನು ಬಯಸಿದ ರೂಪದಲ್ಲಿಯೇ ಎಂಟುನೂರು ವರ್ಷ ನಿಂತಿತು. ಧೊಂಡಿಯನ ಪ್ರಶಸ್ತಿಯನ್ನು ಬರೆದಿಟ್ಟವರು ಆತನ ಶತ್ರುಗಳು. ಉಭಯಲೋಕಾಧೀಶ್ವರನೆಂಬ ಮಾತು ಕೂಡ ನಮಗೆ ಬಹುಮಟ್ಟಿಗೆ ಇಂಗ್ಲಿಷರ ಬರೆಹಗಳ ಮೂಲಕವೇ ಬಂದಿದೆ. ಅದನ್ನು ಅವರು ಬಹಳ ಆಸೆಯಿಂದ ಬರೆದಿದ್ದಾರೆ. ಎದುರಾಳಿಯ ಬಿರುದು ಹಾಸ್ಯಾಸ್ಪದವಾಗಿದ್ದಷ್ಟೂ ಅವನನ್ನು ಹುಚ್ಚನೆಂದೂ ಕಳ್ಳನೆಂದೂ ತೋರಿಸುವುದು ಸುಲಭವಲ್ಲವೆ?

ಆದರೆ ಕಳ್ಳನೊಬ್ಬನನ್ನು ಹಿಡಿಯಲು ಆಗ ನಡೆದ ಸಿದ್ಧತೆಯನ್ನು ನೋಡಿರಿ. ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ೧೮೦೦ರ ಮೇ ತಿಂಗಳಲ್ಲಿ ಬಟೇವಿಯದ ಮೇಲೆ ಹೋಗುವ ಸೈನ್ಯದ ಅಧಿಪತ್ಯವು ದೊರೆಯುವುದರಲ್ಲಿತ್ತು. ಕೀರ್ತಿಯೂ ಹಣವೂ ಬರುವ ಕೆಲಸ ಅದು. ವೆಲ್ಲೆಸ್ಲಿಯು ಅದನ್ನು ಬಿಟ್ಟು ಧೊಂಡಿಯನನ್ನು ಬೆನ್ನಟ್ಟಲು ನಿಂತನು. ಸಿಕ್ಕಿದಲ್ಲಿ ಮೊದಲನೆಯ ಮರಕ್ಕೆ ನೇತುಹಾಕಬೇಕೆಂದು ಮದರಾಸಿನಿಂದ ಆಜ್ಞೆ ಬಂದಿತ್ತು. ಧೊಂಡಿಯನು ಹೀಗೆಯೇ ಬೆಳೆದರೆ ಮೈಸೂರಿನ ಹೊಸ ಆಡಳಿತ ಉಳಿಯದೆಂಬ ಭಯ ಇಂಗ್ಲಿಷರಿಗಿತ್ತು. ಮಲೆನಾಡಿನ ಬಲಂ ಸೀಮೆಯಲ್ಲಿ ಕೃಷ್ಣಪ್ಪನಾಯಕನು ಅಧೀನನಾಗದೆ ನಿಂತಿದ್ದನು; ಅವನನ್ನು ಹಿಡಿದು ಗಲ್ಲಿಗೇರಿಸಿದುದು ೧೮೦೨ರಲ್ಲಿ. ದಕ್ಷಿಣದ ಪಾಳೆಯಗಾರರೂ ಧೊಂಡಿಯನ ಕಡೆ ನೋಡುತ್ತಿದ್ದರೆಂದು ಕೆಲವು ಇತಿಹಾಸಕಾರರ ಅಭಿಪ್ರಾಯ. ಹೀಗೆ ಧೊಂಡಿಯನನ್ನು ದೊಡ್ಡವನನ್ನಾಗಿ ಕಾಣುವ ಅವಶ್ಯಕತೆ ಆತನ ಸವಾರರಿಗೆ ಇದ್ದಂತೆಯೇ ಇಂಗ್ಲಿಷರಿಗೂ ಇದ್ದಿತು. ಬರೆಯುವಾಗ ಕಳ್ಳನೆಂದರು, ದಂಡನ್ನು ಹೂಡುವಾಗ ರಾಜನಿಗೆ ಹೂಡುವಂತೆ ಹೂಡಿದರು.

ಜೂನ್ ತಿಂಗಳಲ್ಲಿ ವೆಲ್ಲೆಸ್ಲಿಯ ಸೈನ್ಯವು ಹರಿಹರಕ್ಕೆ ಬಂದಿತು. ತುಂಗಭದ್ರೆಯ ಆಚೆಯ ದಡ ಮರಾಠರದು. (ಆ ಗಡಿ ಎಷ್ಟು ಗಟ್ಟಿಯೆಂದರೆ ೧೯೫೬ರ ಏಕೀಕರಣದವರೆಗೆ ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತ ಎಂದೇ ಇತ್ತು.) ಕಲ್ಲಿನ ಸೇತುವೆಯು ಕಟ್ಟಿದುದು ೧೮೬೮ರಲ್ಲಿ, ಆಗ ಇದ್ದುದು ಹರಿಗೋಲುಗಳು ಮಾತ್ರ. ಮುಂಗಾರಿನ ನೀರು ಏರುತ್ತಿರಲು ಸಿಪಾಯಿಗಳು, ತೋಪುಗಳು, ಎತ್ತುಗಳು, ಅಕ್ಕಿಯ ಮೂಟೆಗಳು ಇವೆಲ್ಲವನ್ನೂ ಹಲವು ದಿನಗಳ ಕಾಲ ದಾಟಿಸಬೇಕಾಯಿತು. ಮಳೆಗಾಲದಲ್ಲಿ ದಂಡೆತ್ತುವವನು ಮೂರ್ಖನೆಂದು ನಮಗೆ ತೋರಬಹುದು. ವೆಲ್ಲೆಸ್ಲಿಯ ಯೋಚನೆ ಬೇರೆಯಾಗಿತ್ತು. ಧೊಂಡಿಯನ ಬಲವೆಲ್ಲ ಕುದುರೆಯ ಓಟದಲ್ಲಿತ್ತು. ಬೇಸಗೆಯಲ್ಲಿ ಆತನಿಗೆ ಎಲ್ಲ ಹೊಳೆಯೂ ಹಾದಿಯೇ. ಹೊಳೆಗಳು ತುಂಬಿದರೆ ಹರಿಗೋಲು ಇದ್ದವನು ದಾಟುವನು, ಇಲ್ಲದವನು ದಡದಲ್ಲಿ ಸಿಕ್ಕಿಬೀಳುವನು. ಧಾನ್ಯದ ಹೊಣೆಯನ್ನು ಎತ್ತುಗಳ ಮೇಲೆ ಹೇರು ಸಾಗಿಸುವ ಲಂಬಾಣಿ ವರ್ತಕರಿಗೆ ವಹಿಸಲಾಯಿತು. ಪೂರ್ಣಯ್ಯನವರ ಮೈಸೂರು ಸವಾರರೂ ಜೊತೆಗಿದ್ದರು. ಒಂದು ಕಡೆ ಎರಡು ಲೋಕಗಳ ಬಿರುದು. ಇನ್ನೊಂದು ಕಡೆ ಹರಿಗೋಲುಗಳ ಎಣಿಕೆ, ಅಕ್ಕಿಯ ಮೂಟೆಗಳ ಎಣಿಕೆ.

ಅದೇ ಮೇ ತಿಂಗಳಲ್ಲಿ ಯೂರೋಪಿನಲ್ಲಿ ನೆಪೋಲಿಯನ್ನನು ಆಲ್ಪ್ಸ್ ಪರ್ವತವನ್ನು ದಾಟಿದನು. ದಾಟಿದುದು ಒಂದು ಹೇಸರಗತ್ತೆಯ ಮೇಲೆ, ದಾರಿ ತೋರುವ ಹಳ್ಳಿಗನೊಬ್ಬನ ಸಹಾಯದಿಂದ. ಆದರೆ ಡೇವಿಡ್ ಎಂಬ ಚಿತ್ರಕಾರನು ಬರೆದ ಚಿತ್ರದಲ್ಲಿ ಆತನು ಹಿಂಗಾಲ ಮೇಲೆ ನಿಂತ ಬಿಳಿಯ ಕುದುರೆಯನ್ನೇರಿದ್ದಾನೆ. ಜಗತ್ತಿಗೆ ತಿಳಿದಿರುವುದು ಆ ಕುದುರೆ; ಪಾಪ, ಹೇಸರಗತ್ತೆಯನ್ನು ಕೇಳುವವರಿಲ್ಲ. ಧೊಂಡಿಯನನ್ನು ನೋಡಿ ನಗುವವರು ಈ ಚಿತ್ರವನ್ನು ನೋಡಿಯೂ ಸ್ವಲ್ಪ ನಕ್ಕರೆ ನ್ಯಾಯವಾದೀತು.

ಹೊಳೆ ದಾಟಿದ ವೆಲ್ಲೆಸ್ಲಿಯು ರಾಣೆಬೆನ್ನೂರಿನ ಕೋಟೆಯನ್ನು ಏಣಿ ಹಾಕಿ ಹಿಡಿದನು. ಒಳಗಿದ್ದವರಲ್ಲಿ ಬಹುಮಂದಿ ಸತ್ತರು. ಹೊಲಗಳಲ್ಲಿ ಬಿತ್ತನೆಯಾಗಬೇಕಾದ ಕಾಲ. ಒಂದು ದಂಡು ಸೂರೆ ಮಾಡಿಕೊಂಡು ಹೋಯಿತು, ಅದನ್ನು ಹುಡುಕಿಕೊಂಡು ಇನ್ನೊಂದು ದಂಡು ಬಂದಿತು. ಧೊಂಡಿಯನನ್ನು ವೀರನೆಂದು ಹೊಗಳುವವರು ಈ ಬಯಲುಸೀಮೆಯ ಒಕ್ಕಲಿನವರನ್ನು ಮರೆಯಬಾರದೆಂದು ನನ್ನ ವಿನಂತಿ. ಬಿರುದಿನ ಭರವಸೆಯನ್ನು ನಂಬಿ ಬಂದ ಸವಾರನಿಗೆ ಹೊಟ್ಟೆ ತುಂಬಬೇಕಾದರೆ ಯಾವನೋ ರೈತನ ಹಗೇವು ಬರಿದಾಗಲೇಬೇಕು. ಆತನನ್ನು ಕಳ್ಳನೆಂದ ಇಂಗ್ಲಿಷರ ಮಾತಿನಲ್ಲಿ ಇಷ್ಟು ಸತ್ಯವಿದೆ.

ಅದೇ ಜೂನ್ ಕೊನೆಯಲ್ಲಿ ಧೊಂಡಿಯನ ದೊಡ್ಡ ಜಯವು ಒದಗಿತು. ಧೊಂಡೋಪಂತ ಗೋಖಲೆಯ ಮೇಲೆ ಹಠಾತ್ತಾಗಿ ಎರಗಿ ಆತನನ್ನು ಕೊಂದನು. ಪ್ರತಿಜ್ಞೆಯನ್ನು ಅಕ್ಷರಶಃ ನೆರವೇರಿಸಿ ಮೀಸೆಗೆ ರಕ್ತವನ್ನು ಹಚ್ಚಿಕೊಂಡನೆಂದು ಹೇಳುತ್ತಾರೆ. ಈ ಕ್ರೂರ ಕೃತ್ಯವನ್ನು ಓದಿದಾಗ ಮೈ ನಡುಗುತ್ತದೆ. ಆದರೆ ಇದನ್ನು ಕೇವಲ ಕ್ರೋಧವೆಂದು ತಿಳಿಯಲಾರೆನು. ಬಹಿರಂಗವಾಗಿ ಆಡಿದ ಮಾತು ಒಂದಾದರೂ ನಡೆಯದಿದ್ದರೆ ಉಳಿದ ಮಾತುಗಳನ್ನು ಜನ ನಂಬುವುದೆಂತು? ದಂತಕಥೆಯನ್ನು ಕಟ್ಟಿದವನು ಅದರ ಸಾಲಗಾರನೂ ಆಗಿಬಿಡುತ್ತಾನೆ. ಕೇಳಿದಾಗಲೆಲ್ಲ ಸ್ವಲ್ಪ ಸ್ವಲ್ಪ ತೀರಿಸುತ್ತಿರಬೇಕು.

ಆಮೇಲೆ ಆತನು ತೀರಿಸಲಾರದೆ ಹೋದನು. ಸವಣೂರು, ಕುಂದಗೋಳ, ಡಂಬಳ ಹೀಗೆ ಒಂದೊಂದಾಗಿ ಸ್ಥಳಗಳು ಕೈಬಿಟ್ಟುವು. ಜುಲೈ ೩೦ರಂದು ಮುನವಳ್ಳಿಯ ಹತ್ತಿರ, ತುಂಬಿದ ಮಲಪ್ರಭೆಯ ದಡದಲ್ಲಿ ಆತನ ಪಡೆಯ ಒಂದು ಭಾಗವು ವೆಲ್ಲೆಸ್ಲಿಯ ಕೈಗೆ ಸಿಕ್ಕಿತು. ಹರಿಹರದಲ್ಲಿ ಹಾಕಿದ ಲೆಕ್ಕ ಅಲ್ಲಿ ಫಲಿಸಿತು. ಹೆದರಿ ಹೊಳೆಗೆ ಬಿದ್ದವರಲ್ಲಿ ಬಹುಮಂದಿ ಮುಳುಗಿದರು. ಡೇರೆ, ಒಂಟೆ, ಎತ್ತು, ಸಾಮಾನುಗಳೆಲ್ಲ ಹೋದುವು. ಅಂದಿನಿಂದ ಸವಾರರು ಗುಂಪುಗುಂಪಾಗಿ ಕಳಚಿಕೊಳ್ಳತೊಡಗಿದರು. ಧೊಂಡಿಯನು ಮಾತ್ರ ಮಲಪ್ರಭೆಯ ಮೂಲದ ಕಾಡುಗಳನ್ನು ಬಳಸಿ ತಪ್ಪಿಸಿಕೊಂಡು ನಿಜಾಮನ ಸೀಮೆಯನ್ನು ಹೊಕ್ಕನು. ಪಡೆ ಚದುರಿದರೆ ಸಾಲದು, ಈ ಮನುಷ್ಯನೇ ಸಿಗಬೇಕು ಎಂದು ವೆಲ್ಲೆಸ್ಲಿಯು ಪಟ್ಟು ಹಿಡಿದನು. ಹಿಂದಿನ ವರ್ಷ ಬರಿಗೈಯಲ್ಲಿ ಓಡಿದವನು ಮರುವರ್ಷ ಸಾವಿರಾರು ಜನರೊಡನೆ ಬಂದುದನ್ನು ಆತನು ಮರೆತಿರಲಿಲ್ಲ.

೧೮೦೦ನೆಯ ಸೆಪ್ಟೆಂಬರ್ ೧೦. ಹಿಂದಿನ ರಾತ್ರಿ ಮಳೆ ಸುರಿದಿತ್ತು. ರಾಯಚೂರು ಸೀಮೆಯ ಕೋಣಗಲ್ಲಿನ ಬಳಿ ಧೊಂಡಿಯನ ಸುಮಾರು ಐದು ಸಾವಿರ ಸವಾರರು ವೆಲ್ಲೆಸ್ಲಿಗೆ ಎದುರಾದರು. ಉತ್ತರದಲ್ಲಿ ಸ್ಟೀವನ್ಸನ್ನನ ದಂಡು ಹಾದಿಯನ್ನು ಕಟ್ಟಿತ್ತು. ವೆಲ್ಲೆಸ್ಲಿಯ ಬಳಿ ಆ ಹೊತ್ತಿನಲ್ಲಿದ್ದುದು ಕುದುರೆಯ ನಾಲ್ಕು ರೆಜಿಮೆಂಟುಗಳು ಮಾತ್ರ. ಸಂಖ್ಯೆ ಸಾಲದುದರಿಂದ ಹಿಂದೆ ಯಾರನ್ನೂ ಇರಿಸಿಕೊಳ್ಳದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದನು. ಧೊಂಡಿಯನ ಸವಾರರು ಮೊದಲು ಗಟ್ಟಿಯಾಗಿ ನಿಂತರು, ಆಮೇಲೆ ಒಡೆದರು. ಧೊಂಡಿಯನು ಅಲ್ಲಿಯೇ ಬಿದ್ದನು. ಶವವನ್ನು ಗುರುತಿಸಿ, ತೋಪಿನ ಗಾಡಿಯ ಮೇಲೆ ಕಟ್ಟಿ ಇಂಗ್ಲಿಷರ ಪಾಳೆಯಕ್ಕೆ ತಂದರು. ಕಣ್ಣಾರೆ ಕಾಣದಿದ್ದರೆ ಆತನು ಸತ್ತನೆಂದು ಯಾರೂ ನಂಬುತ್ತಿರಲಿಲ್ಲವೋ ಏನೋ.

ಆ ದಿನ ಸಿಕ್ಕಿದ ಸಾಮಾನುಗಳ ನಡುವೆ ಸುಮಾರು ನಾಲ್ಕು ವರ್ಷದ ಒಬ್ಬ ಬಾಲಕನಿದ್ದನು. ಸಲಾಬತ್ ಖಾನ್, ಧೊಂಡಿಯನ ಮಗ. ವೆಲ್ಲೆಸ್ಲಿಯು ಅವನನ್ನು ತನ್ನ ಡೇರೆಗೆ ಒಯ್ದು ಸಾಕಿದನು. ೧೮೦೫ರಲ್ಲಿ ಸ್ವದೇಶಕ್ಕೆ ಹೋಗುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟು ಹೋದನು. ಇದು ಒಳ್ಳೆಯ ಕೆಲಸವೇ, ಅಲ್ಲವೆನ್ನಲಾರೆ. ಆದರೆ ವೆಲ್ಲೆಸ್ಲಿಯ ಜೀವನಚರಿತ್ರೆಗಳನ್ನು ಬರೆದವರು ರಾಣೆಬೆನ್ನೂರಿನ ಕೋಟೆಗಿಂತ ಈ ಬಾಲಕನ ಪ್ರಸಂಗಕ್ಕೇ ಹೆಚ್ಚಿನ ಪ್ರೀತಿಯನ್ನು ತೋರಿಸಿದ್ದಾರೆ. ಆತನು ವೆಲಿಂಗ್ಟನ್ನಿನ ಡ್ಯೂಕನಾಗಿ, ೧೮೧೫ರಲ್ಲಿ ವಾಟರ್ಲೂವಿನಲ್ಲಿ ಗೆದ್ದು, ೧೮೨೮ರಲ್ಲಿ ಪ್ರಧಾನಮಂತ್ರಿಯಾದನು. ವಾಟರ್ಲೂವಿನ ಚರಿತ್ರೆಯನ್ನು ಬರೆಯಹೊರಟವರಿಗೆ ಆತನು ಉತ್ತೇಜನ ಕೊಡುತ್ತಿರಲಿಲ್ಲ. ಆದರೆ ೧೮೩೪ರಿಂದ ಗರ್ವುಡ್ ಎಂಬ ಸೇನಾಧಿಕಾರಿಯು ಆತನ ಪತ್ರವ್ಯವಹಾರಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದಾಗ, ಕರಡುಗಳನ್ನು ಡ್ಯೂಕನೇ ನೋಡಿ, ಕೆಲವು ಹೆಸರುಗಳನ್ನು ಹೊಡೆದುಹಾಕಿಸಿದನು. ಹರಿಹರದ ಬಿಡಾರದಿಂದ ಬರೆದ ಕಾಗದಗಳೂ ಆ ಸಂಪುಟಗಳಲ್ಲಿವೆ. ಧೊಂಡಿಯನ ವಿಷಯವನ್ನು ತಿಳಿಯಬೇಕೆನ್ನುವವರು ಇಂದಿಗೂ ಮೊದಲು ತೆರೆಯಬೇಕಾದುದು ಅವುಗಳನ್ನೇ.

ಸಲಾಬತ್ ಖಾನನು ಬೆಳೆದು ಮೈಸೂರು ಮಹಾರಾಜರ ಊಳಿಗವನ್ನು ಸೇರಿದನು. ತಂದೆಯ ಬಿರುದುಗಳಲ್ಲಿ ಒಂದನ್ನೂ ಅವನು ಧರಿಸಿದಂತೆ ಕಾಣುವುದಿಲ್ಲ. ೧೮೨೨ರಲ್ಲಿ ಕಾಲರಾ ತಗುಲಿ ತೀರಿಕೊಂಡನು.